"ಎಲ್ಲಿ ಕಲಿತದ್ದು ಸಾರ್?"

ಭಾನುವಾರ ಬೆಳಿಗ್ಗೆ ನಮ್ಮ ಮನೆ ಮಹಡಿ ಮೇಲೆ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಮಕ್ಕಳನ್ನು ಬಿಡಲು ಬಂದವರು ಗೋಡೆ ಕಡೆ ಒಮ್ಮೆ ಕಣ್ಣಾಡಿಸಿ, ಫ್ರೇಮು ಹಾಕಿದ ಸರ್ಟಿಫಿಕೇಟು ಕಾಣದೆ, ಇದನ್ನೇ ಕೇಳುತ್ತಾರೆ. ಎಲ್ಲೂ ಇಲ್ಲ, ಸ್ವಂತ ಕಲಿತದ್ದು ಅಂದರೆ ಕೆಲವರು "ಓ..." ಅಂತ ಎಳೆದು ಫೀಸು ಇಳಿಸಲು ನೋಡುತ್ತಾರೆ. ಉಳಿದವರು "ಗಾಡ್ ಗಿಫ್ಟ್ ಬಿಡಿ!" ಅನ್ನುತ್ತಾರೆ. ಫೀಸಿನವರ ಮೇಲೆ ನನಗೆ ಸಿಟ್ಟಿಲ್ಲ. ಗಿಫ್ಟಿನವರ ಮೇಲಿದೆ.

ಹೋದ ತಿಂಗಳು ಒಬ್ಬರು ಬಂದು, "ಟಾಗೋರ್ ಕೂಡ ಕಲಿತಿರಲಿಲ್ಲ ಅಲ್ವಾ? ಅರವತ್ತಾದ ಮೇಲೆ ಇದ್ದಕ್ಕಿದ್ದಂತೆ ಬಂತಂತೆ. ನನ್ನ ಮಗನಿಗೂ ಬರೋದಿದ್ರೆ ತಾನೇ ಬರುತ್ತೆ" ಅಂದರು. ಮಗನನ್ನು ಸೇರಿಸಲು ಬಂದವರು ಟಾಗೋರರ ನೆಪ ಹೇಳಿ ಸೇರಿಸದೆ ಹೊರಟರು! ಆವತ್ತು ಸುಮ್ನೆ ನಕ್ಕು ಕಳಿಸಿದೆ.

ಇದ್ದಕ್ಕಿದ್ದಂತೆ ಬರಲಿಲ್ಲ ಸ್ವಾಮಿ. ಹುಡುಗನಾಗಿದ್ದಾಗ ಟಾಗೋರರಿಗೆ ಪಾಠ ಹೇಳಲು ಮನೆಗೇ ಡ್ರಾಯಿಂಗ್ ಮೇಷ್ಟ್ರು ಬರುತ್ತಿದ್ದರು. ಚಿಕ್ಕಪ್ಪನ ಮೊಮ್ಮಕ್ಕಳಾದ ಅವನೀಂದ್ರನಾಥ, ಗಗನೇಂದ್ರನಾಥ ಇಬ್ಬರೂ ಹೆಸರಾಂತ ಚಿತ್ರಗಾರರು. ಅಂಥ ಮನೆಯಲ್ಲಿದ್ದೂ 1900ರಲ್ಲಿ ವಿಜ್ಞಾನಿ ಗೆಳೆಯ ಜಗದೀಶಚಂದ್ರ ಬೋಸರಿಗೆ ಬರೆದ ಕಾಗದದಲ್ಲಿ ತಮ್ಮನ್ನು ತಾವೇ ಗೇಲಿ ಮಾಡಿಕೊಂಡಿದ್ದಾರೆ: ಚಿತ್ರ ಬರೆಯುತ್ತಾ ಕೂತಿದ್ದೇನೆ, ಪ್ಯಾರಿಸ್ಸಿನ ಪ್ರದರ್ಶನಕ್ಕೇನೂ ಅಲ್ಲ, ಪೆನ್ಸಿಲ್‌ಗಿಂತ ರಬ್ಬರಿನ ಕೆಲಸವೇ ಜಾಸ್ತಿ ಅನ್ನೋ ಅರ್ಥದಲ್ಲಿ. ಆಗ ಅವರಿಗೆ 39. ಮುಂದೆ ಕವಿತೆ ತಿದ್ದುವಾಗ ಹೊಡೆದುಹಾಕಿದ ಸಾಲುಗಳನ್ನು ಒಂದಕ್ಕೊಂದು ಕೂಡಿಸಿ ಹಕ್ಕಿ, ಮೃಗ, ಏನೇನೋ ಆಕಾರ ಮಾಡತೊಡಗಿದರು. 1924ರಲ್ಲಿ ಅರ್ಜೆಂಟೀನಾದಲ್ಲಿ ಕಾಯಿಲೆ ಬಿದ್ದು ಉಳಿದಾಗ, 'ಪೂರಬಿ' ಕವಿತೆಗಳ ಹಸ್ತಪ್ರತಿಯಲ್ಲಿ ಇವನ್ನು ಕಂಡು ಬೆರಗಾದವರು ಅವರನ್ನು ಉಪಚರಿಸಿದ ಲೇಖಕಿ ವಿಕ್ಟೋರಿಯಾ ಒಕಾಂಪೊ. 1930ರಲ್ಲಿ ಮೊದಲ ಪ್ರದರ್ಶನಕ್ಕೆ ಓಡಾಡಿದವರೂ ಅವರೇ. ಪ್ರದರ್ಶನ ಆದದ್ದು ಎಲ್ಲಿ? ಪ್ಯಾರಿಸ್ಸಿನಲ್ಲೇ! 1941ರಲ್ಲಿ ಟಾಗೋರರು ತೀರಿಕೊಳ್ಳುವ ಹೊತ್ತಿಗೆ ಬರೆದ ಚಿತ್ರಗಳು 2000ಕ್ಕೂ ಹೆಚ್ಚು.

ರಬ್ಬರು ಸವೆಸಿದ ಆ ವರ್ಷಗಳನ್ನು ಯಾರ ಗಿಫ್ಟು ಅನ್ನೋಣ?

ಇನ್ನೊಂದು ಮಾತು. ಕಲಿಯೋದೇ ಬೇಡ ಅನ್ನುವ ಮನುಷ್ಯ 1919ರಲ್ಲಿ ಶಾಂತಿನಿಕೇತನದಲ್ಲಿ ಕಲಾಭವನ ಅನ್ನೋ ಕಲಾಶಾಲೆ ಯಾಕೆ ಶುರುಮಾಡುತ್ತಿದ್ದರು? ಮಕ್ಕಳಿಗೆ ಹೇಳಿಕೊಡಲು, ಗುರುಗಳ ಹತ್ತಿರ ಕ್ರಮವಾಗಿ ಕಲಿತಿದ್ದ ಚಿತ್ರಗಾರ ನಂದಲಾಲ್ ಬೋಸರನ್ನು ಯಾಕೆ ಕರೆಸುತ್ತಿದ್ದರು?

ಹಾಗಂತ ನಾನು ಟಾಗೋರ್ ಅಲ್ಲ, ಗಾಬರಿ ಬೇಡ. ನನ್ನ ಕಾಲೇಜು ಬಸ್ ಸ್ಟ್ಯಾಂಡ್ ಎದುರಿನ ಬೋರ್ಡ್ ಬರೆಯುವವರ ಅಂಗಡಿ. ಸ್ಕೂಲು ಬಿಟ್ಟ ಮೇಲೆ ಅಲ್ಲಿ ನಿಂತು ನೋಡುತ್ತಿದ್ದೆ. ಅವರು ಒಂದಕ್ಷರ ಹೇಳಿಕೊಡಲಿಲ್ಲ, ಓಡಿಸಲೂ ಇಲ್ಲ. ಬ್ರಷ್ ಹಿಡಿದ ಕೈ ನಡುಗದ ಹಾಗೆ ಇನ್ನೊಂದು ಕೈ ಊರುವುದನ್ನು ನಾನು ಕಲಿತದ್ದು ಅಲ್ಲೇ. ಆದ್ದರಿಂದ "ಸ್ವಂತ ಕಲಿತದ್ದು" ಅನ್ನುವಾಗೆಲ್ಲ ನಾನೂ ಅರ್ಧ ಸುಳ್ಳು ಹೇಳುತ್ತಿರುತ್ತೇನೆ.

ನಿಜವಾಗಿ ಕೇಳಬೇಕಾದ್ದು, "ನಿಮಗೆ ಏನು ಬರಲ್ಲ ಸಾರ್?" ಒಬ್ಬರೂ ಕೇಳಿಲ್ಲ. ನನಗೆ ಎತ್ತಿನ ಹಿಂಗಾಲು ಬರಲ್ಲ. ಹೇಳುವವರು ಇಲ್ಲದೆ ಕಲಿತರೆ ತಪ್ಪೂ ನಮ್ಮ ಜೊತೆ ಬೆಳೆಯುತ್ತದೆ. ಮುಂಗಾಲು, ಹಿಂಗಾಲು ಎರಡನ್ನೂ ವರ್ಷಗಟ್ಟಲೆ ಒಂದೇ ಕಡೆ ಮಡಚುತ್ತಿದ್ದೆ. ಹೇಗೋ ಅನುಮಾನ ಬಂದ ಮೇಲೆ ನನ್ನ ಎತ್ತುಗಳೆಲ್ಲ ಎತ್ತರದ ಹುಲ್ಲಿನಲ್ಲೇ ನಿಲ್ಲತೊಡಗಿದವು. ನೋಡಿದವರು "ಹುಲ್ಲು ಎಷ್ಟು ಚೆನ್ನಾಗಿದೆ" ಅನ್ನುತ್ತಿದ್ದರು.

ಕೊನೆಗೆ ಹಿಡಿದದ್ದು ಆರನೇ ಕ್ಲಾಸಿನ ಒಬ್ಬಳು ಹುಡುಗಿ. "ಸಾರ್, ನಮ್ಮನೆ ಹಸು ಹಿಂಗೆ ನಿಂತ್ರೆ ಬಿದ್ದೋಗುತ್ತೆ" ಅಂದಳು. ಈಗ ಎತ್ತು ಬರೆಯುವ ದಿನ ಬೋರ್ಡಿನ ಮುಂದೆ ಅವಳೇ ನಿಲ್ಲುತ್ತಾಳೆ. ನಾನು ಹಿಂದೆ ಚಾಪೆ ಮೇಲೆ ಕೂತು ಮಕ್ಕಳ ಜೊತೆ ಬರೆಯುತ್ತೇನೆ. ಹೋದ ವಾರ ಕಾಲು ಸರಿ ಬಂತು. ಕೊಂಬು ಕೆಟ್ಟಿತು.