ಫ್ಯೂಯಲ್ ಪಂಪ್ ರಿಲೇ ಬಿಸಿಯಾಗುತ್ತಿದೆಯೇ? ಮೊದಲು ಸಾಕೆಟ್ ನೋಡಿ

ಬೆಳಿಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುವ ಹಳೆಯ ಪೆಟ್ರೋಲ್ ಟ್ರಕ್ಕು ಇಪ್ಪತ್ತು ಮೂವತ್ತು ನಿಮಿಷ ಓಡಿದ ಮೇಲೆ ಏರಿನಲ್ಲಿ ತಡವರಿಸಿ ನಿಂತುಬಿಡುತ್ತದೆ. ಹದಿನೈದು ನಿಮಿಷ ಆರಲು ಬಿಟ್ಟರೆ ಏನೂ ಆಗಿಲ್ಲವೇನೋ ಎಂಬಂತೆ ಮತ್ತೆ ಹೊರಡುತ್ತದೆ. ರಿಲೇ ಬಾಕ್ಸಿನ ಮುಚ್ಚಳ ತೆಗೆದರೆ ಸೀದ ಪ್ಲಾಸ್ಟಿಕ್ಕಿನ ವಾಸನೆ ಬರುತ್ತದೆ, ಪೆಟ್ರೋಲ್ ಪಂಪಿಗೆ ಕರೆಂಟ್ ಕೊಟ್ಟು ನಿಲ್ಲಿಸುವ ಸ್ವಿಚ್ಚಿನ ಡಬ್ಬಿ, ಅಂದರೆ ಪಂಪ್ ರಿಲೇ, ಮುಟ್ಟಲಾರದಷ್ಟು ಕಾದಿರುತ್ತದೆ. ಹೊಸ ರಿಲೇ ಹಾಕಿದರೆ ಕೆಲವು ವಾರ ಸುಮ್ಮನಿದ್ದು ಆಮೇಲೆ ಅದೇ ಗೋಳು. ಬಹಳಷ್ಟು ಸಲ ಬಿಸಿ ಹುಟ್ಟುವುದು ರಿಲೇ ಕೂರುವ ಸಾಕೆಟ್ಟಿನಲ್ಲಿ. ಅದನ್ನು ಹಾಗೇ ಬಿಟ್ಟು ರಿಲೇ ಬದಲಿಸುತ್ತಾ ಹೋದರೆ ದುಡ್ಡು ದಂಡ.

ರಿಲೇ ಸ್ವಲ್ಪ ಬೆಚ್ಚಗಾಗುವುದು ಸಹಜ. 12 ವೋಲ್ಟಿನ ಸಾಮಾನ್ಯ ರಿಲೇಯ ಕಾಯಿಲ್ (ಒಳಗಿನ ಸ್ವಿಚ್ಚನ್ನು ಎಳೆದು ಕೂರಿಸುವ ತಾಮ್ರದ ತಂತಿಯ ಸುರುಳಿ) ಸುಮಾರು 85 ಓಮ್ ಇರುತ್ತದೆ. ಎಂಜಿನ್ ಓಡುವಾಗ 14 ವೋಲ್ಟ್ ಸಿಕ್ಕರೆ ಅದೊಂದೇ ಎರಡು ವ್ಯಾಟಿಗಿಂತ ತುಸು ಹೆಚ್ಚು ಶಾಖ ಬಿಡುತ್ತದೆ. ಬೆರಳಿಟ್ಟು ಐದು ಸೆಕೆಂಡ್ ಹಿಡಿದಿರಲು ಆಗದಿದ್ದರೆ ಮಾತ್ರ ತನಿಖೆಗೆ ಇಳಿಯಿರಿ.

ಹೆಚ್ಚುವರಿ ಬಿಸಿ ಎಲ್ಲಿಂದ ಬರುತ್ತದೆ ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಪಂಪ್ 8 ಆಂಪ್ ಎಳೆಯುತ್ತಿದೆ ಎಂದುಕೊಳ್ಳಿ. ಪಿನ್ ಮತ್ತು ಸಾಕೆಟ್ ಸೇರುವಲ್ಲಿ 0.01 ಓಮ್ ಅಡ್ಡಿ (ರೆಸಿಸ್ಟೆನ್ಸ್) ಇದ್ದರೆ ಅಲ್ಲಿ ಹುಟ್ಟುವ ಶಾಖ 0.64 ವ್ಯಾಟ್, ಲೆಕ್ಕಕ್ಕಿಲ್ಲ. ಅದೇ ಜಾಗದಲ್ಲಿ 0.1 ಓಮ್ ಆದರೆ 6.4 ವ್ಯಾಟ್. ಕಡಲೆಕಾಳಿನಷ್ಟು ಲೋಹದ ಮೇಲೆ ಇಷ್ಟು ಶಾಖ ಬಿದ್ದರೆ ಸಾಕೆಟ್ಟಿನ ತಗಡು ತನ್ನ ಸ್ಪ್ರಿಂಗ್ ಬಿಗಿ ಕಳೆದುಕೊಳ್ಳುತ್ತದೆ. ಬಿಗಿ ಹೋದರೆ ಅಡ್ಡಿ ಹೆಚ್ಚುತ್ತದೆ, ಅಡ್ಡಿ ಹೆಚ್ಚಿದರೆ ಇನ್ನೂ ಕಾಯುತ್ತದೆ. ಹೊಸ ರಿಲೇ ಬಂದು ಕೂರುವುದೂ ಅದೇ ಸಡಿಲ ತಗಡಿನೊಳಗೆ.

ಈ 0.1 ಓಮನ್ನು ಮೀಟರಿನ ಓಮ್ ರೇಂಜಿನಲ್ಲಿ ಹುಡುಕಲು ಹೋಗಬೇಡಿ. ಮೀಟರಿನ ವೈರುಗಳೇ 0.2 ಓಮ್ ತೋರಿಸುತ್ತವೆ. ಮೇಲಾಗಿ ಮೀಟರ್ ಹರಿಸುವ ಅಲ್ಪ ಕರೆಂಟಿಗೆ ರಿಲೇಯೊಳಗೆ ಕೂಡಿ ಬಿಡುವ ಸ್ವಿಚ್ಚಿನ ಲೋಹದ ತುದಿ, ಅಂದರೆ ಪಾಯಿಂಟ್, ಸುಟ್ಟಿದ್ದರೂ ಚೆನ್ನಾಗಿರುವಂತೆ ಕಾಣುತ್ತದೆ. ಪಂಪ್ ಓಡುತ್ತಾ ಲೋಡ್ ಮೇಲಿರುವಾಗ ವೋಲ್ಟೇಜ್ ಎಷ್ಟು ಬೀಳುತ್ತದೆ ಎಂದು ನೋಡುವುದೇ ನಂಬಬಹುದಾದ ಪರೀಕ್ಷೆ.

ಮೊದಲು ರಿಲೇ ಕಿತ್ತು ಅದರ ತಳ ನೋಡಿ. ಪಿನ್ನುಗಳಿಗೆ ನಂಬರ್ ಇರುತ್ತದೆ: 30 ಬ್ಯಾಟರಿಯಿಂದ ಬರುವ ಪ್ಲಸ್, 87 ಪಂಪಿಗೆ ಹೋಗುವುದು, 85 ಮತ್ತು 86 ಕಾಯಿಲ್. ಕೆಲವು ಗಾಡಿಗಳಲ್ಲಿ ಜೋಡಣೆ ಬೇರೆ ಇರುತ್ತದೆ, ಹಾಗಾಗಿ ರಿಲೇ ಮೈಮೇಲಿನ ಚಿತ್ರವನ್ನೊಮ್ಮೆ ಓದಿಕೊಳ್ಳಿ. ಸಾಮಾನ್ಯವಾಗಿ 30 ಅಥವಾ 87ರ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಆ ಪಿನ್ನಿನ ಹೊಳಪು ಹೋಗಿ ನೀಲಿ ಕಪ್ಪು ಛಾಯೆ ಬಂದಿರುತ್ತದೆ. ಒಂದೇ ಪಿನ್ ಹೀಗಿದ್ದರೆ ತಪ್ಪು ಆ ಜಾಗದ್ದೇ. ನಾಲ್ಕೂ ಪಿನ್ ಹೊಳೆಯುತ್ತಿದ್ದು ಡಬ್ಬಿ ಮಾತ್ರ ಉಬ್ಬಿದ್ದರೆ ಒಳಗಿನ ಪಾಯಿಂಟ್ ಸುಟ್ಟಿದೆ ಎನ್ನಿ.

ಇನ್ನು ಬೆರಳಿನ ಪರೀಕ್ಷೆ. ರಿಲೇ ಪಿನ್ನಿನಷ್ಟೇ ಅಗಲದ ಒಂಟಿ ಗಂಡು ಟರ್ಮಿನಲ್ (ಚಪ್ಪಟೆ ಪಿನ್) ತೆಗೆದುಕೊಳ್ಳಿ, ಬಹುತೇಕ ರಿಲೇಗಳಲ್ಲಿ 6.3 ಮಿ.ಮೀ. ಬ್ಯಾಟರಿಯ ಮೈನಸ್ ಬಿಚ್ಚಿ, ಸಾಕೆಟ್ಟಿನ ಒಂದೊಂದು ಕಿಂಡಿಗೂ ಅದನ್ನು ತೂರಿಸಿ ಹೊರಕ್ಕೆಳೆಯಿರಿ. ಒಳ್ಳೆಯ ತಗಡು ಬಿಗಿಯಾಗಿ ಕಚ್ಚಿ ಹಿಡಿಯುತ್ತದೆ. ಸೋತದ್ದು ಒಲೆಯ ಬೂದಿಗೆ ಕಡ್ಡಿ ಚುಚ್ಚಿದಷ್ಟು ಸಲೀಸಾಗಿ ಬಿಟ್ಟುಕೊಡುತ್ತದೆ. ನಾಲ್ಕನ್ನೂ ಸಾಲಾಗಿ ಪರೀಕ್ಷಿಸಿದರೆ ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಆಮೇಲೆ ಬ್ಯಾಟರಿ ಜೋಡಿಸಿ, ರಿಲೇ ಕೂರಿಸಿ, ಎಂಜಿನ್ ಓಡಿಸಿ. ಬರೀ ಕೀ ತಿರುಗಿಸಿದರೆ ಇಂಜೆಕ್ಷನ್ ಗಾಡಿಗಳಲ್ಲಿ ಪಂಪ್ ಸುಮಾರು ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ, ಅಳೆಯಲು ಅದು ಸಾಲದು. ಸಾಕೆಟ್ಟಿನ ಹಿಂಬದಿಯಿಂದ ವೈರಿನ ಪಕ್ಕ ಸಣ್ಣ ಗುಂಡುಪಿನ್ ತೂರಿಸಿ, 30 ಮತ್ತು 87ರ ನಡುವೆ ಡಿಸಿ ವೋಲ್ಟ್ ಓದಿ. ಪಿನ್ನುಗಳು ಒಂದಕ್ಕೊಂದು ತಾಗಬಾರದು, ಬಾಡಿಗೂ ತಾಗಬಾರದು. 0.2 ವೋಲ್ಟಿನೊಳಗಿದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಬಿಸಿ ಹುಟ್ಟುತ್ತಿರುವುದು ಅಲ್ಲೇ. ಚೆನ್ನಾಗಿರುವ ರಿಲೇ ಹಾಕಿ ಮತ್ತೆ ಓದಿ: ಅಂಕಿ ಇಳಿದರೆ ಹಳೆಯ ರಿಲೇಯ ಪಾಯಿಂಟ್, ಇಳಿಯದಿದ್ದರೆ ಸಾಕೆಟ್. ಹಾರ್ನಿನ ರಿಲೇ ಅದೇ ನಮೂನೆಯದಾಗಿದ್ದರೆ ಅದನ್ನೇ ಎರವಲು ಪಡೆಯಬಹುದು. ಆದರೆ ಒಳಗೆ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗ) ಇರುವ ರಿಲೇಯಲ್ಲಿ 85, 86 ಅದಲುಬದಲಾಗುವಂತಿಲ್ಲ.

ಕರೆಂಟ್ ಅಳೆಯಲು ಡಿಸಿ ಕ್ಲ್ಯಾಂಪ್ ಮೀಟರ್ ಒಳ್ಳೆಯದು. ಪಂಪಿನ ವೈರನ್ನು ಸುತ್ತಿ ಹಿಡಿದರಾಯಿತು, ಏನನ್ನೂ ಬಿಚ್ಚಬೇಕಿಲ್ಲ. ಇಂಜೆಕ್ಷನ್ ಪಂಪುಗಳು ಸಾಮಾನ್ಯವಾಗಿ 4ರಿಂದ 8 ಆಂಪ್ ಎಳೆಯುತ್ತವೆ. 10 ದಾಟಿ ಏರುತ್ತಿದ್ದರೆ ಫ್ಯೂಯಲ್ ಫಿಲ್ಟರ್ ಕಟ್ಟಿದೆ, ಇಲ್ಲವೇ ಪಂಪ್ ಬಿಗಿಯಾಗಿ ತಿರುಗುತ್ತಿದೆ. ಮೊದಲು ಫಿಲ್ಟರ್ ಬದಲಿಸಿ, ಮತ್ತೆ ಅಳೆಯಿರಿ. ಕರೆಂಟ್ ಸಹಜವಾಗಿದ್ದೂ ರಿಲೇ ಸುಡುತ್ತಿದ್ದರೆ ಪಂಪಿನ ಮೇಲೆ ಗೂಬೆ ಕೂರಿಸಬೇಡಿ.

ಕಾಯಿಲ್ ಕಡೆಯ ತೊಂದರೆ ಅಪರೂಪ, ಆದರೆ ಗುರುತು ಸ್ಪಷ್ಟ: ರಿಲೇ ಟಕಟಕ ಎನ್ನುತ್ತದೆ. ಕಾಯಿಲ್ಲಿನ ಅರ್ಥ್ ವೈರ್ ತುಕ್ಕು ಹಿಡಿದು ವೋಲ್ಟೇಜ್ ಕುಸಿದಾಗ ಪಾಯಿಂಟ್ ಗಟ್ಟಿಯಾಗಿ ಕೂರದೆ ಕಿಡಿ ಹಾರಿಸುತ್ತಾ ಸುಡುತ್ತದೆ. ತಾಮ್ರ ಕಾದಷ್ಟೂ ಅದರ ಅಡ್ಡಿ ಏರುತ್ತದೆ. 25 ಡಿಗ್ರಿಯಲ್ಲಿ 85 ಓಮ್ ಇದ್ದ ಕಾಯಿಲ್ 85 ಡಿಗ್ರಿಗೆ ಬರುವಷ್ಟರಲ್ಲಿ 105 ಓಮ್ ಸಮೀಪಿಸುತ್ತದೆ. ತಣ್ಣಗಿದ್ದಾಗ ಕಚ್ಚುವ ರಿಲೇ ಬಿಸಿಯಲ್ಲಿ ಕೈಕೊಡುವುದಕ್ಕೆ ಇದೂ ಒಂದು ಕಾರಣ. 24 ವೋಲ್ಟಿನ ಟ್ರಕ್ಕಿಗೆ 12ರ ರಿಲೇಯನ್ನಂತೂ ಎಂದೂ ಹಾಕಬೇಡಿ, ಕಾಯಿಲ್ಲಿಗೆ ನಾಲ್ಕು ಪಟ್ಟು ಶಕ್ತಿ ಹೋಗಿ ಬೆಂದುಹೋಗುತ್ತದೆ.

ಸೋತ ತಗಡನ್ನು ಪಕ್ಕಡಿನಲ್ಲಿ ಒತ್ತಿ ಬಿಗಿ ಮಾಡುವವರಿದ್ದಾರೆ. ಕಾದು ಮೆತ್ತಗಾದ ಲೋಹ ಆ ಬಿಗಿಯನ್ನು ಹೆಚ್ಚು ದಿನ ಉಳಿಸಿಕೊಳ್ಳುವುದಿಲ್ಲ. ಬ್ಯಾಟರಿಯ ಮೈನಸ್ ಬಿಚ್ಚಿ, ಹಳೆಯ ಟರ್ಮಿನಲ್ ಹೊರತೆಗೆದು, ವೈರಿನ ತಾಮ್ರ ಕೆಂಪಗೆ ಹೊಳೆಯುವವರೆಗೆ ಹಿಂದಕ್ಕೆ ಕತ್ತರಿಸಿ. ಕಪ್ಪಾದ ತಾಮ್ರದ ಮೇಲೆ ಹೊಸ ಟರ್ಮಿನಲ್ ಒತ್ತಿದರೆ ಅಡ್ಡಿ ಅಲ್ಲೇ ಉಳಿಯುತ್ತದೆ. ವೈರ್ ಗಿಡ್ಡವಾದರೆ 2.5 ಚದರ ಮಿ.ಮೀ. ವೈರ್ ಸೇರಿಸಿ, ಸರಿಯಾದ ಕ್ರಿಂಪಿಂಗ್ ಟೂಲಿನಲ್ಲೇ ಒತ್ತಿ. ಸಾಕೆಟ್ಟಿನ ಪ್ಲಾಸ್ಟಿಕ್ ಕರಗಿದ್ದರೆ ಪೂರ್ತಿ ಸಾಕೆಟ್ ಬದಲಿಸಿ. 30ರಿಂದ 87ಕ್ಕೆ ಜಂಪರ್ ವೈರ್ ಹಾಕಿ ಗಾಡಿ ಓಡಿಸಬೇಡಿ. ಅಪಘಾತವಾಗಿ ಎಂಜಿನ್ ನಿಂತರೂ ಪಂಪ್ ನಿಲ್ಲದೆ, ಒಡೆದ ಪೈಪಿನಿಂದ ಪೆಟ್ರೋಲ್ ಸುರಿಸುತ್ತಲೇ ಇರುತ್ತದೆ.

ಪಂಪಿನ ಮೈನಸ್ ತುದಿಯಿಂದ ಬ್ಯಾಟರಿ ಮೈನಸ್‌ವರೆಗೂ ಇದೇ ರೀತಿ ವೋಲ್ಟ್ ಅಳೆದುಬಿಡಿ. ಚಾಸಿಗೆ ಬೋಲ್ಟ್ ಮಾಡಿದ ಅರ್ಥ್ ಸವೆದಿದ್ದರೆ ರಿಲೇ ಸರಿಹೋದರೂ ಪಂಪ್ ಸೊರಗುತ್ತದೆ. ಎಲ್ಲ ಮುಗಿದ ಮೇಲೆ ಗಾಡಿಯನ್ನು ಅರ್ಧ ಗಂಟೆ ಲೋಡಿನಲ್ಲಿ ಓಡಿಸಿ ತಂದು, ಕಾದಿರುವಾಗಲೇ 30-87 ಮತ್ತೊಮ್ಮೆ ಓದಿ. ಆಗಲೂ 0.2 ವೋಲ್ಟ್ ದಾಟದಿದ್ದರೆ ರಿಲೇ ಬಾಕ್ಸಿನ ಮುಚ್ಚಳ ಹಾಕಿ.