ಬೀಳೋವಾಗ ಹಿಡಿಯುತ್ತೆ: ಸಿಡ್ನಿ ಹಾರ್ಬರ್‌ನಲ್ಲಿ ಬೊಂಡಾಸ್ ಮತ್ತು ಬ್ರೀಮ್ ಹಿಂದೆ ಐದು ದಿನ

ಅಕ್ಕ ಭಾವ ಸಿಡ್ನಿಗೆ ಹೋಗಿ ಸೆಟ್ಲ್ ಆಗಿ ಆರು ವರ್ಷ ಆಯ್ತು, ಈ ಜೂನ್‌ನಲ್ಲಿ ಕೊನೆಗೂ ನಾನು ಹೋದೆ. ಒಪೆರಾ ಹೌಸ್, ಬ್ಲೂ ಮೌಂಟನ್ಸ್ ಎಲ್ಲಾ ಮೊದಲ ಮೂರು ದಿನಕ್ಕೇ ಮುಗೀತು. ಉಳಿದ ಐದು ದಿನ ಒಂದು ಗಾಳದ ರಾಡ್ ಹಿಡ್ಕೊಂಡು ಭಾವನ ಹಿಂದೆ ಹಾರ್ಬರ್ ಸುತ್ತಿದ್ದೇ ಸುತ್ತಿದ್ದು, ನಂಗೆ ಬರೀಬೇಕು ಅನ್ಸಿದ್ದು ಅದರ ಬಗ್ಗೆ ಮಾತ್ರ. ಹಿಡಿಯೋಕೆ ಹೋಗಿದ್ದು ಬೊಂಡಾಸ್, ಅಂದ್ರೆ ಸ್ಕ್ವಿಡ್, ಮತ್ತೆ ಬ್ರೀಮ್ ಅನ್ನೋ ಮೀನು.

ಭಾವ ಗಾಳಕ್ಕೆ ಎರೆ ಹಾಕಲ್ಲ. ಬರೀ ಲೂರ್. ಅಂದ್ರೆ ಸಿಗಡಿ ಥರ, ಸಣ್ಣ ಮೀನಿನ ಥರ ಕಾಣೋ ಸುಳ್ಳು ತಿಂಡಿ. "ಎರೆ ಹಾಕಿದ್ರೆ ವಾಸನೆ ಹಿಡ್ಕೊಂಡು ಅದೇ ಹುಡುಕ್ಕೊಂಡು ಬರುತ್ತೆ ಕಣೋ, ಲೂರ್‌ಗೆ ಜೀವ ನಾವು ತುಂಬ್ಬೇಕು" ಅಂತ ಕಾರಲ್ಲಿ ಹೇಳಿದ್ರು, ಆಗ ಅದು ನಂಗೆ ಅಷ್ಟಾಗಿ ತಲೆಗೆ ಹೋಗ್ಲಿಲ್ಲ.

ಮೊದಲು ಲೈಸೆನ್ಸ್. ನ್ಯೂ ಸೌತ್ ವೇಲ್ಸ್‌ನಲ್ಲಿ 18 ದಾಟಿದವರು ಗಾಳ ಹಾಕೋಕೆ ಫೀಸ್ ಕಟ್ಬೇಕು, ನಾನು ಹೋದಾಗ 3 ದಿನಕ್ಕೆ 7 ಡಾಲರ್, ತಿಂಗಳಿಗೆ 14, ವರ್ಷಕ್ಕೆ 35 ಇತ್ತು. ನಾನು ತಿಂಗಳಿಂದು ಫೋನಲ್ಲೇ ಮಾಡಿಸ್ಕೊಂಡೆ. ಬ್ರೀಮ್ ಆದ್ರೆ 25 ಸೆಂಟಿಮೀಟರ್‌ಗಿಂತ ಚಿಕ್ಕದಿದ್ರೆ ವಾಪಸ್ ಬಿಡ್ಬೇಕು, ದಿನಕ್ಕೆ ಒಬ್ಬರಿಗೆ 10. ಸ್ಕ್ವಿಡ್ ಮತ್ತೆ ಕಟ್ಲ್‌ಫಿಶ್ ಸೇರಿ 20. ಭಾವನ ಬ್ಯಾಗಲ್ಲಿ ಅಳತೆ ಪಟ್ಟಿ ಒಂದು ಯಾವಾಗ್ಲೂ ಇರುತ್ತೆ, ಅನುಮಾನ ಬಂದ್ರೆ ಅಳೆಯೋದೇ, ಕಣ್ಣಳತೆ ಇಲ್ಲ.

ಕಾರಲ್ಲೇ ಹೋಗ್ಬಹುದಿತ್ತು, ಆದ್ರೆ ಮೊದಲ ಸಲ ನೀರಿನ ಮೇಲಿಂದಾನೇ ಹಾರ್ಬರ್ ನೋಡು ಅಂತ ಭಾವ ಸರ್ಕ್ಯುಲರ್ ಕೀಯಿಂದ ಟರಾಂಗಾ ಜೂ ಫೆರಿ ಹತ್ತಿಸಿದ್ರು. ಸೇತುವೆ ಆಚೆ ಕಡೆ ಬಾರಂಗರೂ ಅನ್ನೋ ಏರಿಯಾದ ಎತ್ತರದ ಕಟ್ಟಡಗಳು ಕಾಣ್ತವೆ. ಬಾರಂಗರೂ ಅಂದ್ರೆ ಒಬ್ಬ ಹೆಣ್ಣುಮಗಳ ಹೆಸರು, 1788ರಲ್ಲಿ ಬ್ರಿಟಿಷರ ಹಡಗುಗಳು ಇಲ್ಲಿ ಬಂದಾಗ ಇದ್ದ ಕ್ಯಾಮರಗಲ್ ಕುಲದ ಮೀನುಗಾರ್ತಿ. ಈ ನೀರಲ್ಲಿ ಗಾಳ ಹಾಕ್ತಿದ್ದವರು ಹೆಂಗಸರೇ ಅಂತೆ, ತೊಗಟೆಯ ದೋಣಿ, ತೊಗಟೆ ನಾರಿನ ದಾರ, ಶಂಖದ ಚಿಪ್ಪನ್ನ ಉಜ್ಜಿ ಉಜ್ಜಿ ಅರ್ಧಚಂದ್ರದ ಥರ ಮಾಡಿದ ಕೊಕ್ಕೆ, ದೋಣಿ ಮಧ್ಯೆ ಜೇಡಿಮಣ್ಣಿನ ಮೇಲೆ ಸಣ್ಣ ಬೆಂಕಿ. ಆ ಕೊಕ್ಕೆಗೆ ಮೀನು ಜಾರದ ಹಾಗೆ ತಡೆಯೋ ಹಿಮ್ಮುಳ್ಳು ಇರ್ಲಿಲ್ಲ, ಚಿಪ್ಪಿನ ಹೊಳಪೇ ಮೀನನ್ನ ಕರೀತಿತ್ತು. ಅದೂ ಒಂಥರಾ ಲೂರ್ ಅಲ್ವಾ. ದೋಣಿಯಲ್ಲಿ ಕೂತು ಚಿಪ್ಪಿನ ಕೊಕ್ಕೆ ನೀರಿಗೆ ಬಿಡ್ತಿರೋ ಒಬ್ಬಳು ಹೆಂಗಸು, ಮಗ್ಗುಲಲ್ಲಿ ಬೆಂಕಿ, ಈ ಚಿತ್ರ ಐದೂ ದಿನ ತಲೆಯಿಂದ ಹೋಗ್ಲಿಲ್ಲ.

ಟರಾಂಗಾದಲ್ಲಿ ಇಳಿದು ಬ್ರಾಡ್ಲೀಸ್ ಹೆಡ್ ಸುತ್ತಿ ಕಾಡಿನ ದಾರಿಯಲ್ಲಿ ನಡ್ಕೊಂಡು ಹೋದ್ರೆ ಕ್ಲಿಫ್ಟನ್ ಗಾರ್ಡನ್ಸ್ ಸಿಗುತ್ತೆ. ಚೌಡರ್ ಬೇ ದಡದಲ್ಲಿ ಒಂದು ಜೆಟ್ಟಿ, ಪಕ್ಕದಲ್ಲಿ ಈಜೋರಿಗೆ ಅಂತ ಕಟ್ಟಿರೋ ಬಲೆ, ಆ ಬಲೆಯಲ್ಲಿ ಕಡಲಕುದುರೆಗಳು ವಾಸ ಮಾಡ್ತವೆ. ಅಳಿವಿನ ಅಂಚಲ್ಲಿರೋ ವೈಟ್ಸ್ ಸೀಹಾರ್ಸ್ ಅನ್ನೋ ಜಾತಿ ಅದು, ಅಲ್ಲೇ ಇರೋ ಸಿಡ್ನಿ ಇನ್‌ಸ್ಟಿಟ್ಯೂಟ್ ಆಫ್ ಮರೀನ್ ಸೈನ್ಸ್‌ನವರು 2020ರಲ್ಲಿ ಮರಿ ಬೆಳೆಸಿ ಇಲ್ಲಿ ಬಿಟ್ಟಿದ್ರು. ಹಾಗಾಗಿ ಬಲೆ ಕಡೆಗೆ ಜಿಗ್, ಅಂದ್ರೆ ಸ್ಕ್ವಿಡ್ ಹಿಡಿಯೋ ಲೂರ್, ಎಸೀಬೇಡ ಅಂತ ಭಾವ ಮೊದಲೇ ಹೇಳಿಟ್ರು.

ಜೆಟ್ಟಿ ಹತ್ತಿದ ತಕ್ಷಣ ಅವರು ನೀರು ನೋಡ್ಲಿಲ್ಲ, ನೆಲ ನೋಡಿದ್ರು. ಹಲಗೆ ಮೇಲೆ ಅಲ್ಲಲ್ಲಿ ಕಪ್ಪು ಕಲೆ, ಇಂಕ್ ಬಾಟ್ಲಿ ಬಿದ್ದು ಒಡೆದ ಹಾಗೆ. ಬೊಂಡಾಸ್ ಮೇಲೆ ಬಂದಾಗ ಉಗುಳಿದ ಮಸಿ ಅದು. ಒಣಗಿ ಬೂದಿ ಬಣ್ಣಕ್ಕೆ ತಿರುಗಿದ್ರೆ ಹಳೇದು, ಇನ್ನೂ ಕಡುಗಪ್ಪಾಗಿ ಹೊಳೀತಿದ್ರೆ ನಿನ್ನೆ ಮೊನ್ನೆದು. ಯಾವ ಮೂಲೆಯಲ್ಲಿ ಕಲೆ ಜಾಸ್ತಿ ಇದೆಯೋ ಅಲ್ಲೇ ನಿಲ್ಲು. ಯಾರನ್ನೂ ಏನೂ ಕೇಳ್ಬೇಕಿಲ್ಲ.

ಸ್ಕ್ವಿಡ್ ಜಿಗ್ ಜಪಾನಿನವರದ್ದು, ಅವರು ಎಗಿ ಅಂತಾರೆ. ನೋಡೋಕೆ ಬಟ್ಟೆ ಸುತ್ತಿದ ಸಿಗಡಿ, ಮೂತಿ ಹತ್ರ ಸೀಸದ ತುಂಡು, ಬಾಲದಲ್ಲಿ ಎರಡು ಸುತ್ತು ಸೂಜಿ ಕಿರೀಟ. ಸೂಜಿಗಳಿಗೆ ಹಿಮ್ಮುಳ್ಳೇ ಇಲ್ಲ, ಅಂದ್ರೆ ದಾರ ಒಂದು ಕ್ಷಣ ಸಡಿಲ ಆದ್ರೂ ಬಂದಿದ್ದು ಜಾರ್ಕೊಂಡು ಹೋಗುತ್ತೆ. ನಂಗೆ ಕೊಟ್ಟಿದ್ದು 3.0 ಸೈಜು, ಸುಮಾರು 15 ಗ್ರಾಂ, ಒಂದು ಮೀಟರ್ ಮುಳುಗೋಕೆ ಮೂರು ಸೆಕೆಂಡ್ ಹತ್ರ ಬೇಕು. ಸಮುದ್ರ ಹುಲ್ಲು ಮತ್ತೆ ಕೆಲ್ಪ್ ಪಾಚಿ ಇರೋ ಕಡೆ ಎಸೀಬೇಕು, ಬೊಂಡಾಸ್ ಅದರ ಅಂಚಲ್ಲಿ ಹೊಂಚು ಹಾಕಿರುತ್ತೆ. ಎಸೆದು ಎಣಿಸ್ತಾ ಇಳಿಸು, ತಳ ಮುಟ್ಟೋಕೆ ಮುಂಚೆ ರಾಡ್‌ನ ಎರಡು ಸಲ ಜೋರಾಗಿ ಮೇಲಕ್ಕೆ ಚಿಮ್ಮು, ಆಮೇಲೆ ಸುಮ್ನಿರು, ಮತ್ತೆ ಇಳೀಲಿ. ಇಷ್ಟೇ.

ಇಷ್ಟೇ ಅಂತ ಅನ್ಕೊಂಡ್ರೂ ಮೊದಲ ಸಂಜೆ ಒಂದೂ ಬರ್ಲಿಲ್ಲ. ಮೂರು ಜಿಗ್ ಪಾಚಿಗೆ ಸಿಕ್ಕಿ ಕಿತ್ತೋದ್ವು. ಜೂನ್ ಅಂದ್ರೆ ಅಲ್ಲಿ ಚಳಿಗಾಲ, ಐದು ಗಂಟೆ ಒಳಗೇ ಸೂರ್ಯ ಮುಳುಗ್ತಾನೆ, ಕೈ ಮರಗಟ್ಟಿತ್ತು. ನಾನು ಏನು ಮಾಡ್ತಿದ್ದೆ ಅಂದ್ರೆ ಚಿಮ್ಮೋದ್ರ ಮೇಲೇ ಗಮನ, ಜೋರಾಗಿ ಚಿಮ್ಮಿದ್ರೆ ಬರುತ್ತೆ ಅನ್ನೋ ಥರ, ಚಿಮ್ಮಿದ ಮೇಲೆ ಆ ಕಡೆ ಈ ಕಡೆ ನೋಡ್ತಾ ನಿಲ್ತಿದ್ದೆ.

ಎರಡನೇ ಸಂಜೆ ಪಕ್ಕದಲ್ಲಿ ಒಬ್ಬರು ವಯಸ್ಸಾದವರು ಇದ್ರು, ಬಕೆಟ್‌ನಲ್ಲಿ ಆಗ್ಲೇ ನಾಲ್ಕು ಬೊಂಡಾಸ್. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರ್ತಿರ್ಲಿಲ್ಲ. ನನ್ನನ್ನ ಸ್ವಲ್ಪ ಹೊತ್ತು ನೋಡಿದ್ರು, ಹತ್ರ ಬಂದು ನನ್ನ ರಾಡ್ ತುದಿಯಿಂದ ನೀರಿಗೆ ಹೋಗ್ತಿದ್ದ ದಾರ ತೋರಿಸಿ, ಎರಡು ಬೆರಳು ತಮ್ಮ ಕಣ್ಣಿಗೆ ಇಟ್ಟು, ಮತ್ತೆ ದಾರ ತೋರಿಸಿದ್ರು. ನೋಡು. ಇದನ್ನೇ ನೋಡು. ಆಗ ಗೊತ್ತಾಯ್ತು. ಬೊಂಡಾಸ್ ಬರೋದು ಜಿಗ್ ಚಿಮ್ಮೋವಾಗ ಅಲ್ಲ, ಬೀಳೋವಾಗ. ಚಿಮ್ಮೋದು ಬರೀ ಕರೆಯೋಕೆ, ಹಿಡಿಯೋದು ಅದು ನಿಧಾನಕ್ಕೆ ಇಳೀತಿರೋವಾಗ, ಆ ಹೊತ್ತಲ್ಲಿ ನಮ್ಮ ಕೈಗೆ ಏನೂ ಗೊತ್ತಾಗಲ್ಲ, ದಾರಕ್ಕೆ ಮಾತ್ರ ಗೊತ್ತಾಗುತ್ತೆ. ನೇರವಾಗಿ ಇಳೀತಿದ್ದ ದಾರ ಸಣ್ಣಗೆ ಪಕ್ಕಕ್ಕೆ ಸರಿಯುತ್ತೆ, ಇಲ್ಲಾಂದ್ರೆ ಹನ್ನೆರಡಕ್ಕೆ ತಳ ಮುಟ್ಬೇಕಾಗಿದ್ದು ಏಳಕ್ಕೇ ನಿಂತೋಗುತ್ತೆ.

ಅವತ್ತು ನನ್ನದು ಎಂಟಕ್ಕೆ ನಿಂತ್ತು. ರಾಡ್ ಎತ್ತಿದೆ, ಒದ್ದೆ ಕಂಬಳಿ ಎತ್ತಿದ ಹಾಗೆ ಭಾರ, ಆಮೇಲೆ ಆ ಭಾರ ತಡೆದು ತಡೆದು ಎಳೆಯೋಕೆ ಶುರು ಮಾಡ್ತು. ಮೈಯೊಳಗಿನ ನೀರನ್ನ ಕೊಳವೆಯಿಂದ ಪಿಚಕ್ ಅಂತ ಹಿಂದಕ್ಕೆ ತಳ್ಳಿ ಓಡುತ್ತಲ್ಲ, ಆ ಒಂದೊಂದು ತಳ್ಳೂ ರಾಡ್‌ನಲ್ಲಿ ಬಂತು. "ರೀಲ್ ಬ್ರೇಕ್ ಸಡಿಲ ಇಡು, ಜೋರಾಗಿ ಎಳೆದ್ರೆ ತೋಳು ಕಿತ್ತೋಗುತ್ತೆ, ಸುತ್ತೋದು ಮಾತ್ರ ನಿಲ್ಲಿಸ್ಬೇಡ!" ಅಂತ ಭಾವ ಬಲೆ ಹಿಡ್ಕೊಂಡು ಕೆಳಗಿನ ಮೆಟ್ಟಿಲಿಗೆ ಓಡಿದ್ರು. ನೀರಲ್ಲೇ ಎರಡು ಸಲ ಮಸಿ ಉಗುಳೋವರ್ಗೂ ಬಿಟ್ಟು ಆಮೇಲೆ ಎತ್ತಿದ್ರು, ಇಲ್ಲಾಂದ್ರೆ ಮುಖಕ್ಕೇ ಬರುತ್ತೆ.

ಸದರ್ನ್ ಕ್ಯಾಲಮಾರಿ, ನನ್ನ ಮೊಣಕೈಯಿಂದ ಮುಂಗೈವರ್ಗೂ ಉದ್ದ. ಟಾರ್ಚ್ ಬೆಳಕಲ್ಲಿ ಅದರ ಮೈ ನೋಡ್ಬೇಕಿತ್ತು. ಇಟ್ಟಿಗೆ ಕೆಂಪು ಚುಕ್ಕೆಗಳು ಅರಳ್ತಾ ಮುಚ್ಕೊಳ್ತಾ, ಅಲೆ ಥರ ಬಾಲದಿಂದ ತಲೆವರ್ಗೂ ಹರೀತಿದ್ವು, ಕಣ್ಣಿನ ಮೇಲೆ ಹಸಿರು ಹೊಳಪು. ಒದ್ದಾಡಿಸ್ಬಾರ್ದು ಅಂತ ಭಾವ ಕಣ್ಣುಗಳ ಮಧ್ಯೆ ಚಾಕುವಿನ ತುದಿ ಒತ್ತಿದ್ರು. ಮೊದಲು ತಲೆ ಬಿಳಿ ಆಯ್ತು. ಎರಡನೇ ಸಲ ಹಿಂದಕ್ಕೆ ಓರೆ ಮಾಡಿ ಒತ್ತಿದಾಗ ಮೈ ಪೂರ್ತಿ ಯಾರೋ ಲೈಟ್ ಆರಿಸಿದ ಹಾಗೆ ಹಾಲಿನ ಬಣ್ಣಕ್ಕೆ ತಿರುಗಿಬಿಡ್ತು. ನಾನು ಒಂದೆರಡು ನಿಮಿಷ ಮಾತಾಡ್ಲಿಲ್ಲ. ಮೂರು ಹೃದಯ, ನೀಲಿ ರಕ್ತ, ಆಯಸ್ಸು ಹೆಚ್ಚು ಕಮ್ಮಿ ಒಂದು ವರ್ಷ. ಅಷ್ಟರಲ್ಲಿ ಹುಟ್ಟಿ ಬೆಳೆದು ಮೊಟ್ಟೆ ಇಟ್ಟು ಮುಗಿಯುತ್ತೆ. ತಿನ್ನೋಕೆ ಬೇಕಾದಷ್ಟು ಸಿಕ್ಕಿದ ಮೇಲೆ ಲಿಮಿಟ್ ಇನ್ನೂ ಇದ್ರೂ ನಿಲ್ಲಿಸ್ಬೇಕು ಅಂತ ನಂಗೆ ಅನ್ಸಿದ್ದು ಅಲ್ಲೇ, ಅವತ್ತು ಎರಡು ಹಿಡಿದು ಎದ್ವಿ.

ಇನ್ನೊಂದು ವಿಷಯ, ಜಿಗ್‌ಗಳ ಬಣ್ಣ. ಅಂಗಡಿ ಗೋಡೆ ತುಂಬಾ ಪಿಂಕ್, ಆರೆಂಜ್, ಹಸಿರು. ಆದ್ರೆ ಬಹುಪಾಲು ಸ್ಕ್ವಿಡ್‌ಗಳ ಕಣ್ಣಲ್ಲಿ ಬೆಳಕು ಹಿಡಿಯೋ ಕೋಶ ಒಂದೇ ಬಗೆ, ನಮ್ಮ ಥರ ಬಣ್ಣ ಕಾಣಲ್ಲ. ಹಂಗಾಗಿ ನಾನಂತೂ ಬಣ್ಣಕ್ಕಿಂತ ಜಿಗ್ ಎಷ್ಟು ನಿಧಾನಕ್ಕೆ ಬೀಳುತ್ತೆ ಅನ್ನೋದನ್ನೇ ನೋಡೋಕೆ ಶುರು ಮಾಡ್ದೆ.

ಬ್ರೀಮ್‌ಗೆ ಹೋಗಿದ್ದು ಮಿಡ್ಲ್ ಹಾರ್ಬರ್ ಕಡೆ, ಸ್ಪಿಟ್ ಸೇತುವೆ ಹತ್ರ. ಇಲ್ಲಿ ಎಲ್ಲಾ ಸಣ್ಣದು, ಕಡ್ಡಿ ಥರ ರಾಡ್, 4 ಪೌಂಡ್ ತಡೆಯೋ ಲೀಡರ್ (ದಾರದ ತುದಿಗೆ ಕಟ್ಟೋ ತೆಳು ದಾರ), ಎರಡು ಇಂಚಿನ ಮೆತ್ತನೆ ಪ್ಲಾಸ್ಟಿಕ್ ಹುಳ, ಎರಡು ಗ್ರಾಂ ಕೂಡ ಇಲ್ಲದ ಜಿಗ್ ಹೆಡ್, ಅಂದ್ರೆ ತಲೆಯಲ್ಲಿ ತೂಕ ಇರೋ ಕೊಕ್ಕೆ. ಯೆಲ್ಲೋಫಿನ್ ಬ್ರೀಮ್ ಕಂಬದ ನೆರಳಲ್ಲಿ, ಲಂಗರು ಹಾಕಿದ ದೋಣಿಗಳ ಅಡಿಯಲ್ಲಿ ಇರುತ್ತೆ, ಕಂಬಕ್ಕೆ ಅಂಟಿರೋ ಚಿಪ್ಪುಗಳನ್ನ ಪುಡಿ ಮಾಡೋ ದವಡೆ ಹಲ್ಲು ಅದಕ್ಕೆ. ಒಂದಷ್ಟು ಗಂಡು ಬೆಳೆದ ಮೇಲೆ ಹೆಣ್ಣಾಗ್ತವೆ ಅಂತ ಕೇಳಿ ನಂಗೆ ಆಶ್ಚರ್ಯ ಆಯ್ತು. ಅನುಮಾನ ಜಾಸ್ತಿ ಈ ಮೀನಿಗೆ. ಹುಳವನ್ನ ಕಂಬಕ್ಕೆ ತಾಗಿಸೋ ಅಷ್ಟು ಹತ್ರ ಹಾಕ್ಬೇಕು, ಒಂದಡಿ ಆಚೆ ಬಿದ್ರೆ ತಿರುಗಿಯೂ ನೋಡಲ್ಲ. ಮತ್ತೆ ಅದೇ ಪಾಠ, ಬೀಳೋವಾಗಲೇ ಹಿಡಿಯುತ್ತೆ, ಆದ್ರೆ ಬೊಂಡಾಸ್ ಥರ ಭಾರ ಅಲ್ಲ, ಉಗುರಲ್ಲಿ ತಟ್ಟಿದ ಹಾಗೆ ಟಿಕ್ ಟಿಕ್. ಮೊದಲನೇದು ಹಿಡಿದು ನೇರ ಕಂಬದ ಹಿಂದೆ ಓಡ್ತು, ಸಿಂಪಿ ಚಿಪ್ಪಿನ ಅಂಚಿಗೆ ಲೀಡರ್ ಉಜ್ಜಿ ಪಟ್ ಅಂತ ತುಂಡಾಯ್ತು. ಆಮೇಲೆ ಕಚ್ಚಿದ ತಕ್ಷಣ ರಾಡ್ ಪಕ್ಕಕ್ಕೆ ತಿರುಗಿಸಿ ಕಂಬದಿಂದ ದೂರ ಎಳೆಯೋದು ಕಲಿತೆ.

ಹಿಡಿದಿದ್ದೆಲ್ಲ ತಿನ್ನೋ ಹಾಗಿಲ್ಲ ಇಲ್ಲಿ. ಹೋಮ್‌ಬುಷ್ ಬೇ ಸುತ್ತ ಹಳೇ ಕೆಮಿಕಲ್ ಕಾರ್ಖಾನೆಗಳಿಂದ ಡೈಆಕ್ಸಿನ್ ಅನ್ನೋ ವಿಷ ಕೆಸರಿಗೆ ಸೇರಿ ಮೀನಿನ ಮೈಗೂ ಬಂದಿದೆ, 2006ರಲ್ಲಿ ಹಾರ್ಬರ್‌ನಲ್ಲಿ ವ್ಯಾಪಾರಕ್ಕೆ ಮೀನು ಹಿಡಿಯೋದನ್ನೇ ನಿಲ್ಲಿಸಿದ್ರು. ಸಿಡ್ನಿ ಹಾರ್ಬರ್ ಬ್ರಿಡ್ಜ್‌ನಿಂದ ಪಶ್ಚಿಮಕ್ಕೆ ಹಿಡಿದಿದ್ದನ್ನ ತಿನ್ನಲೇಬೇಡಿ ಅಂತ ಸರ್ಕಾರದ ಸಲಹೆ, ಪೂರ್ವಕ್ಕೆ ಆದ್ರೆ ಬ್ರೀಮ್ ತಿಂಗಳಿಗೆ 150 ಗ್ರಾಂ ಸಾಕು ಅಂತ. ಬಾರಂಗರೂ ಮೀನು ಹಿಡಿದು ಅಲ್ಲೇ ಸುಟ್ಟು ತಿಂದ ನೀರು ಇದು. ಇದನ್ನ ಓದಿ ನಂಗೆ ತುಂಬಾ ಬೇಜಾರಾಯ್ತು.

ಐದನೇ ದಿನ ಬೆಳಿಗ್ಗೆ ಏಳೂವರೆ, ನೀರು ಏರ್ತಿತ್ತು. ಎರಡನೇ ಕಂಬದ ನೆರಳಿಗೆ ಹುಳ ಬಿಟ್ಟೆ, ನಾಲ್ಕು ಎಣಿಸೋದ್ರೊಳಗೆ ಟಿಕ್ ಅಂತು, ರಾಡ್ ಪಕ್ಕಕ್ಕೆ ತಿರುಗಿಸ್ದೆ, ಈ ಸಲ ಬಂತು. ಬೆಳ್ಳಿ ಮೈ, ಹೊಟ್ಟೆ ಕಡೆ ರೆಕ್ಕೆಗಳು ಅರಿಶಿನ ಹಚ್ಚಿದ ಹಾಗೆ. ಪಟ್ಟಿ ಮೇಲೆ 31 ಬಂತು, ಇಟ್ಕೋಬಹುದಾಗಿದ್ದೇ. ಭಾವ ನನ್ನ ಮುಖ ನೋಡಿದ್ರು, ಏನೂ ಹೇಳ್ಲಿಲ್ಲ. ಕೈ ಒದ್ದೆ ಮಾಡ್ಕೊಂಡು ಮೆಟ್ಟಿಲ ಮೇಲೆ ಕೂತು ನೀರಲ್ಲಿ ಹಿಡ್ಕೊಂಡೆ. ಕಿವಿರು ಎರಡು ಮೂರು ಸಲ ತೆರೆದು ಮುಚ್ಚಿತು, ಬಾಲ ನನ್ನ ಮಣಿಕಟ್ಟಿಗೆ ಬಡೀತು, ಅದೇ ಕಂಬದ ನೆರಳಿಗೆ ವಾಪಸ್ ಹೋಯ್ತು.