ಪ್ರಬಂಧದ ನೋಟ್‌ಬುಕ್: ಆರನೇ ವಾರ

ಈ ವಾರ ಹೊಸ ಪ್ರಬಂಧ ಬರೆಯಲಿಲ್ಲ. ಹಳೆಯ ಐದನ್ನು ಹರಡಿಕೊಂಡು ಕೂತೆ. ಪ್ರತಿಯೊಂದರಲ್ಲೂ ನನ್ನ ಮುಖ್ಯ ವಾದ ಹೇಳುವ ವಾಕ್ಯಕ್ಕೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆಯಬೇಕು, ಅಷ್ಟೇ ಕೆಲಸ. ಒಂದರಲ್ಲಿ ಅಂಥ ವಾಕ್ಯವೇ ಸಿಗಲಿಲ್ಲ. ‘ಈ ಪ್ರಬಂಧದಲ್ಲಿ ಕೆರೆಗಳ ಒತ್ತುವರಿಯ ಬಗ್ಗೆ ನೋಡೋಣ’ ಎಂದಿತ್ತು. ಅದರಲ್ಲಿ ವಿಷಯ ಇದೆ, ನಿಲುವು ಇಲ್ಲ.

ಇನ್ನೊಂದು: ‘ನೀರು ಅಮೂಲ್ಯ, ಎಲ್ಲರೂ ಉಳಿಸಬೇಕು.’ ತಂಗಿಗೆ ಓದಿ ಹೇಳಿದೆ. “ಬೇಡ ಅನ್ನೋರು ಯಾರಿದ್ದಾರೆ ಅಕ್ಕಾ?” ಅಂದಳು. ಈಗ ಪ್ರತಿ ವಾಕ್ಯಕ್ಕೂ ಮೊದಲು ಅದೇ ಪ್ರಶ್ನೆ ಕೇಳುತ್ತೇನೆ.

ಜಾಸ್ತಿ ಹೊತ್ತು ಹಿಡಿದದ್ದು ಕೆ.ಸಿ. ವ್ಯಾಲಿ ಪ್ರಬಂಧ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧೀಕರಿಸಿ, 2018ರಿಂದ ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಯೋಜನೆ ಅದು. ನಾನು ಬರೆದದ್ದು: ‘ಇದರಿಂದ ಲಾಭವೂ ಇದೆ, ನಷ್ಟವೂ ಇದೆ.’ ಎರಡೂ ಕಡೆ ಕಾಲಿಟ್ಟ ಮಾತು. ತಿದ್ದಿ ‘ಈ ಯೋಜನೆ ಕೋಲಾರವನ್ನು ಉಳಿಸಿದೆ’ ಎಂದೆ. ನಿಲುವೇನೋ ಬಂತು. ಆದರೆ ಸಾವಿರ ಪದಗಳಲ್ಲಿ ಅಷ್ಟು ದೊಡ್ಡ ಮಾತು ಸಾಬೀತು ಮಾಡೋಕಾಗಲ್ಲ.

ಮೂರು ಸಂಜೆ ಕಳೆದ ಮೇಲೆ ಬಂದದ್ದು ಇದು: ‘ಕೆರೆಗಳು ತುಂಬಿ ಅಂತರ್ಜಲ ಏರಿದ್ದು ನಿಜವಾದರೂ, ಕೋಲಾರಕ್ಕೆ ಬಿಡುವ ನೀರನ್ನು ಮೂರನೇ ಹಂತದವರೆಗೂ ಶುದ್ಧೀಕರಿಸಬೇಕು, ಯಾಕೆಂದರೆ ಕೆರೆಯ ನೀರು ಇಂಗಿ ಸೇರುವುದು ಹಳ್ಳಿಯವರು ಕುಡಿಯುವ ಬೋರ್‌ವೆಲ್‌ಗಳಿಗೇ, ಒಮ್ಮೆ ಕೆಟ್ಟ ಅಂತರ್ಜಲವನ್ನು ಸರಿಪಡಿಸುವುದು ಬಹಳ ಕಷ್ಟ.’

ಮೂರನೇ ಹಂತ ಅಂದರೆ ಎರಡು ಹಂತ ದಾಟಿಯೂ ನೀರಿನಲ್ಲಿ ಉಳಿಯುವ ಸೂಕ್ಷ್ಮ ಕೊಳೆ, ರೋಗಾಣುಗಳನ್ನು ತೆಗೆಯುವುದು. ಈ ವಾದಕ್ಕೆ ‘ಇಲ್ಲ’ ಅನ್ನಬಹುದು. ಅಂತರ್ಜಲ ತುಂಬಿಸೋಕೆ ಎರಡು ಹಂತ ಸಾಕು, ಮೂರನೆಯದಕ್ಕೆ ಖರ್ಚು ಜಾಸ್ತಿ ಅಂತ ಎದುರಾಡಬಹುದು. ಆ ಮಾತಿಗೆ ಈಗ ಒಂದು ಪ್ಯಾರಾ ಮೀಸಲಿಟ್ಟಿದ್ದೇನೆ. ‘ಆದರೂ’ ಎದುರಿನವರಿಗೆ ಜಾಗ ಕೊಟ್ಟಿತು, ‘ಯಾಕೆಂದರೆ’ ಉಳಿದ ಪ್ಯಾರಾಗಳ ಸಾಲು ಹಿಡಿಸಿತು. ಇಷ್ಟು ದಿನ ಪ್ಯಾರಾಗಳನ್ನು ಸುಮ್ನೆ ಒಂದರ ಹಿಂದೆ ಒಂದು ಇಡುತ್ತಿದ್ದೆ.

ಕಾವೇರಿ ನೀರನ್ನು ಸುಮಾರು 100 ಕಿ.ಮೀ. ದೂರದಿಂದ ಬೆಂಗಳೂರಿಗೆ ಪಂಪ್ ಮಾಡುವ ಬಗ್ಗೆ ಒಂದು ಪ್ಯಾರಾ ಇತ್ತು. ತುಂಬಾ ಇಷ್ಟಪಟ್ಟು ಬರೆದದ್ದು. ಹೊಸ ವಾದಕ್ಕೆ ಅದು ಬೇಕಿರಲಿಲ್ಲ, ತೆಗೆದೆ. ‘ನೀರು ಅಮೂಲ್ಯ’ ಪ್ರಬಂಧಕ್ಕೆ ಅಲ್ಲಿಂದಲೇ ಒಂದು ನಿಲುವು ಸಿಗಬಹುದು ಅನ್ನಿಸುತ್ತಿದೆ.

ಇನ್ನೆರಡು ಬಾಕಿ. ಶಕ್ತಿ ಯೋಜನೆಯ ಪ್ರಬಂಧದಲ್ಲಿ ‘ಇದು ಒಳ್ಳೆಯ ಯೋಜನೆ’ ಎಂದಷ್ಟೇ ಇದೆ. ಯಾರಿಗೆ, ಯಾವುದಕ್ಕೆ ಒಳ್ಳೆಯದು ಅನ್ನುವುದನ್ನು ಭಾನುವಾರ ಬರೆಯಬೇಕು.